ಗೋಧಿ ಮಡಿ

ನನಗೆ ಸೀಲಿಯಾಕ್ ಕಾಯಿಲೆ ಇದೆ ಅಂತ ಗೊತ್ತಾದಾಗ ನಾಗರ ಪಂಚಮಿಗೆ ಇನ್ನು 12 ದಿನ ಇತ್ತು. 2023ರ ಆಗಸ್ಟ್. ಸೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ರಿಪೋರ್ಟ್ ಹಿಡಿದುಕೊಂಡು ಕೂತಿದ್ದೆ. ಡಾಕ್ಟರು ಹೇಳಿದ್ದು ಇಷ್ಟೇ: "ಗೋಧಿ ಬಿಡಬೇಕು. ಪೂರ್ತಿ ಬಿಡಬೇಕು. ಸಾಯೋವರೆಗೂ." ಚೀಟಿಯಲ್ಲಿ ಕಬ್ಬಿಣಾಂಶದ ಗುಳಿಗೆ, ವಿಟಮಿನ್ ಬಿಟ್ಟರೆ ಬೇರೆ ಔಷಧಿ ಬರೆದಿರಲಿಲ್ಲ. ನಮ್ಮ ಮನೆಯವರಿಗೆ ಅದೇ ಬೇಜಾರು. ಇಷ್ಟು ದೂರ ಬಂದು, ಇಷ್ಟು ದುಡ್ಡು ಕೊಟ್ಟು, ರೋಗಕ್ಕೆ ಒಂದು ಗುಳಿಗೆಯೂ ಇಲ್ಲವಾ?

ನನಗೆ ಮಾತ್ರ ಒಳಗೊಳಗೇ ಸಮಾಧಾನ ಆಗಿತ್ತು. ನಾನು ಕಲಬುರಗಿಯವಳು. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಇದರಲ್ಲಿ ಗೋಧಿ ಎಲ್ಲಿದೆ? ಚಪಾತಿಯ ಮೇಲೇ ಬದುಕುವ ಸೀಮೆಯವರಿಗೆ ಬಂದಿದ್ದರೆ ಕಷ್ಟ, ನಮಗೇನು ಅಂದುಕೊಂಡೆ. ಆ 12 ದಿನವೂ ಹಾಗೇ ಅಂದುಕೊಂಡಿದ್ದೆ.

ಅಲ್ಲಿಗೆ ಬರುವ ಮೊದಲಿನ ಕಥೆ ದೊಡ್ಡದು, ಚಿಕ್ಕದಾಗಿ ಹೇಳುತ್ತೇನೆ. ನಾಲ್ಕು ವರ್ಷದಿಂದ ರಕ್ತ ಕಡಿಮೆ. ಹಿಮೋಗ್ಲೋಬಿನ್ 7.4ಕ್ಕೆ ಇಳಿದಿತ್ತು, ಎಷ್ಟು ಗುಳಿಗೆ ನುಂಗಿದರೂ ಏರುತ್ತಿರಲಿಲ್ಲ. ಹೊಟ್ಟೆ ಉಬ್ಬರ, ಬಾಯಿ ತುಂಬಾ ಹುಣ್ಣು, ಬಾಚಣಿಕೆ ತುಂಬಾ ಕೂದಲು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಲೆಕ್ಕ ಬಿಡಿಸುವಾಗ ಬೋರ್ಡ್ ಹಿಡಿದುಕೊಂಡೇ ನಿಲ್ಲುತ್ತಿದ್ದೆ. ಒಬ್ಬರು ಗ್ಯಾಸ್ಟ್ರಿಕ್ ಅಂದರು, ಇನ್ನೊಬ್ಬರು ಟೆನ್ಶನ್ ಅಂದರು. ಗಜ್ಜರಿ, ಬೀಟ್‌ರೂಟ್ ತಿನ್ನಿ ಅಂದವರಿಗೆ ಲೆಕ್ಕವೇ ಇಲ್ಲ. ಕೊನೆಗೆ ಸಂಬಂಧಿಕರೊಬ್ಬರು ಚಪಾತಿ ಬಿಟ್ಟು ನೋಡು ಅಂದರು. ಬಿಟ್ಟೆ. ಒಂದು ತಿಂಗಳಲ್ಲಿ ಹೊಟ್ಟೆ ಹಗುರಾಯಿತು. ಅದನ್ನೇ ಸೊಲ್ಲಾಪುರದ ಡಾಕ್ಟರ ಮುಂದೆ ಜಂಬದಿಂದ ಹೇಳಿದೆ. ಅವರು ತಲೆ ಮೇಲೆ ಕೈ ಇಟ್ಟುಕೊಂಡರು. ಗೋಧಿ ಬಿಟ್ಟಿದ್ದಾಗ ಪರೀಕ್ಷೆ ಮಾಡಿದರೆ ರಕ್ತದಲ್ಲೂ ಕರುಳಿನಲ್ಲೂ ರೋಗದ ಗುರುತು ಸಿಗದೇ ಹೋಗಬಹುದಂತೆ. "ಆರು ವಾರ ದಿನಾ ಚಪಾತಿ ತಿಂದು ಬನ್ನಿ" ಅಂದರು. ರೋಗ ಯಾವುದು ಅಂತ ತಿಳಿಯೋಕೆ ರೋಗ ಬರಿಸುವುದನ್ನೇ ಆರು ವಾರ ತಿಂದೆ. ಯಾರಾದರೂ ಇದನ್ನು ಓದಿ ಅನುಮಾನದಿಂದ ಗೋಧಿ ಬಿಡುವ ಯೋಚನೆಯಲ್ಲಿದ್ದರೆ, ದಯವಿಟ್ಟು ಮೊದಲು ಪರೀಕ್ಷೆ ಮಾಡಿಸಿ.

ಪರೀಕ್ಷೆ ಅಂದರೆ ಟಿಟಿಜಿ ಅನ್ನುವ ಒಂದು ರಕ್ತ ಪರೀಕ್ಷೆ, ಆಮೇಲೆ ಎಂಡೋಸ್ಕೋಪಿ. ಗಂಟಲಿನಿಂದ ಪೈಪು ಇಳಿಸಿ ಸಣ್ಣ ಕರುಳಿನ ಶುರುವಿನಲ್ಲಿ ಚೂರುಚೂರು ಮಾಂಸ ತೆಗೆಯುತ್ತಾರೆ. ಕರುಳಿನ ಒಳಮೈ ಟರ್ಕಿ ಟವೆಲ್ಲಿನ ಹಾಗೆ ಎಳೆ ಎಳೆಯಾಗಿರಬೇಕಂತೆ, ಆ ಎಳೆಗಳೇ ಊಟದ ಸತ್ವ ಹೀರುವುದು. ನನ್ನದು ಹತ್ತು ವರ್ಷ ಒಗೆದ ಟವೆಲ್ಲು, ಎಳೆಯೆಲ್ಲ ಸವೆದು ಸಪಾಟಾಗಿತ್ತು. ಕಬ್ಬಿಣಾಂಶದ ಗುಳಿಗೆ ಯಾಕೆ ನಾಟಲಿಲ್ಲ ಅಂತ ಆಗ ತಿಳಿಯಿತು. ಇದು ಅಲರ್ಜಿ ಅಲ್ಲ. ಗೋಧಿ, ಬಾರ್ಲಿ, ರೈ ಕಾಳುಗಳಲ್ಲಿ ಗ್ಲುಟೆನ್ ಅಂತ ಒಂದು ಪ್ರೋಟೀನ್ ಇರುತ್ತದೆ, ಅದು ಒಳಗೆ ಹೋದರೆ ನಮ್ಮ ದೇಹ ನಮ್ಮ ಕರುಳನ್ನೇ ಹೊಡೆಯುತ್ತದೆ. ಸುಟ್ಟರೂ ಕುದಿಸಿದರೂ ಅದು ಹೋಗುವುದಿಲ್ಲ. ಚಪಾತಿ ಹಿಟ್ಟು ಎಳೆದರೆ ರಬ್ಬರಿನ ಹಾಗೆ ಬರುತ್ತದಲ್ಲ, ಆ ಜಿಗಿ ಕೊಡುವುದು ಅದೇ.

ಜೋಳ ತಿನ್ನುವ ಊರಿನಲ್ಲಿದ್ದು ನನ್ನ ಹೊಟ್ಟೆಗೆ ಇಷ್ಟು ಗೋಧಿ ಎಲ್ಲಿಂದ ಬಂತು ಅಂತ ಸುಮ್ನೆ ಲೆಕ್ಕ ಹಾಕಿದೆ. ಬೆಳಿಗ್ಗೆ ಚಹಾ ಜೊತೆ ಬಿಸ್ಕೀಟು. ನಾಷ್ಟಾಕ್ಕೆ ಉಪ್ಪಿಟ್ಟು. ಟಿಫಿನ್ ಡಬ್ಬಿಯಲ್ಲಿ ರೊಟ್ಟಿ ಬಿರುಸಾಗುತ್ತದೆ ಅಂತ ಚಪಾತಿ. ಇದೆಲ್ಲ ಬಿಡೋದು ದೊಡ್ಡ ಮಾತಾಗಲಿಲ್ಲ. ಚಪಾತಿ ಹೋಗಿ ರೊಟ್ಟಿ ಬಂತು, ಉಪ್ಪಿಟ್ಟು ಹೋಗಿ ಚುರುಮುರಿ ಸುಸಲಾ ಬಂತು.

ಆಮೇಲೆ ಪಂಚಮಿ ಬಂತು.

ಪಂಚಮಿ ಅಂದರೆ ತವರಿನ ಹಬ್ಬ. ಆಳಂದ ಕಡೆ ನನ್ನ ತವರು, ತಮ್ಮ ಬಂದು ಕರೆದುಕೊಂಡು ಹೋದ. ಅವ್ವ ಮೂರು ದಿನದಿಂದ ಉಂಡಿ ಕಟ್ಟಿದ್ದಳು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ. ಗೋಧಿ ವಿಷಯ ಫೋನಿನಲ್ಲೇ ಹೇಳಿದ್ದೆ, ರವೆ ಉಂಡಿ ಮುಟ್ಟಲ್ಲ ಅಂತಲೂ ಹೇಳಿದ್ದೆ. "ಹೋಗ್ಲಿ ಬಿಡು, ಶೇಂಗಾದ್ದು ತಿನ್ನು" ಅಂತ ಅವ್ವ ಬುಟ್ಟಿ ಮುಂದಿಟ್ಟಳು. ಒಂದೇ ಬುಟ್ಟಿ. ಒಂದರ ಮೇಲೆ ಒಂದು ಉಂಡಿ. ಕಟ್ಟಿದ್ದೂ ಒಂದೇ ಕೈ. ನನಗೆ ಆಗ ಅಷ್ಟು ತಿಳಿವಳಿಕೆ ಇರಲಿಲ್ಲ, ಎರಡು ತಿಂದೆ. ಸಂಜೆ ಎಲ್ಲರೂ ಬೇವಿನ ಗಿಡದ ಜೋಕಾಲಿ ಹತ್ತಿರ ಇದ್ದರು. ನಾನು ಬಚ್ಚಲು ಮನೆಯಲ್ಲಿದ್ದೆ. ಓಣಿಯ ಹುಡುಗಿಯರ ನಗು ಅಲ್ಲಿಗೂ ಕೇಳಿಸುತ್ತಿತ್ತು.

ರಾತ್ರಿ ಅವ್ವ ಪಕ್ಕದಲ್ಲಿ ಕೂತು ಹೊಟ್ಟೆ ಮೇಲೆ ಕೈಯಾಡಿಸುತ್ತಾ ಹೇಳಿದಳು, "ಯವ್ವಾ, ಗೋಧಿ ನಾವು ದಿನಾ ಎಲ್ಲಿ ತಿಂತಿದ್ವಿ? ನಮ್ಮ ಕಾಲದಾಗ ಗೋಧಿ ಕಂಡಿದ್ದೇ ಹಬ್ಬಕ್ಕ."

ಆಗ ಹೊಳೆಯಿತು. ಹೋಳಿಗೆ, ಹುಗ್ಗಿ, ಮಾದಲಿ, ಶ್ಯಾವಿಗೆ, ಕರ್ಚಿಕಾಯಿ, ಶಂಕರಪಾಳಿ. ನಮ್ಮ ಕಡೆ ಹಬ್ಬ ಅಂದರೇ ಗೋಧಿ. ದಿನಾ ಉಣ್ಣುವ ಊಟವೆಲ್ಲ ನನ್ನದು, ಹಬ್ಬದ ಊಟ ಮಾತ್ರ ನನ್ನದಲ್ಲ. ಚಪಾತಿ ಸೀಮೆಯವರಿಗೆ ಈ ಕಷ್ಟ ದಿನಾ ಇರುತ್ತದೆ, ಮನೆಯವರಿಗೂ ಬೇಗ ರೂಢಿಯಾಗುತ್ತದೆ. ನನಗೆ ವರ್ಷಕ್ಕೆ ಏಳೆಂಟು ಸಲ, ಅದೂ ಇಡೀ ಬಳಗದ ಮುಂದೆ.

ಬಳಗದ ಮಾತು ಒಂದೇ: "ಒಂದು ತುತ್ತು ತಿಂದ್ರ ಏನಾಗ್ತದ?" ಒಂದು ತುತ್ತು ತಿಂದರೆ ಎಲ್ಲರ ಕಣ್ಣ ಮುಂದೆ ಬೀಳುವಂಥದ್ದೇನೂ ಆಗಲ್ಲ. ತೊಂದರೆ ಇರುವುದೇ ಅಲ್ಲಿ. ತಿಂದು ಅಲ್ಲೇ ಬಿದ್ದಿದ್ದರೆ ಮರುವರ್ಷ ಯಾರೂ ಒತ್ತಾಯ ಮಾಡುತ್ತಿರಲಿಲ್ಲ. ನನಗೋ ಹೊಟ್ಟೆ ಕೆಡುವುದು ಅವರೆಲ್ಲ ಮನೆಗೆ ಹೋದ ಮೇಲೆ. ಒಳಗೆ ಕರುಳು ಸವೆಯುವುದಂತೂ ಯಾರಿಗೂ ಕಾಣಿಸಲ್ಲ. ಪ್ರಸಾದ ಬೇಡ ಅಂದಾಗಲಂತೂ ದೇವರ ಮೇಲೆ ನಂಬಿಕೆ ಇಲ್ಲವಾ ಅಂತ ನೋಡುತ್ತಾರೆ. ಸಜ್ಜಿಗೆ ಪ್ರಸಾದಕ್ಕೆ ಕೈ ಒಡ್ಡಿ, ಕಣ್ಣಿಗೊತ್ತಿಕೊಂಡು, ಮಗಳ ಕೈಗೆ ಹಾಕುವುದನ್ನು ಕಲಿತೆ. ಶರಣಬಸವೇಶ್ವರ ಜಾತ್ರೆಯೇ ವಾಸಿ, ತೇರಿಗೆ ಎಸೆಯುವ ಉತ್ತತ್ತಿ, ಬಾಳೆಹಣ್ಣಿಗೆ ಯಾವ ಭಯವೂ ಇಲ್ಲ.

ಪಂಚಮಿಯಿಂದ ಬಂದ ಮೇಲೂ ರೊಟ್ಟಿ ತಿಂದರೂ ಹೊಟ್ಟೆ ಸರಿ ಇರಲಿಲ್ಲ. ಇದು ನನ್ನನ್ನು ಜಾಸ್ತಿ ಕಾಡಿದ್ದು. ಗೋಧಿ ಮುಟ್ಟಿಲ್ಲ, ಆದರೂ ಯಾಕೆ? ಒಂದು ಭಾನುವಾರ ಜೋಳದ ಡಬ್ಬಿ ಹಿಡಿದು ಗಿರಣಿಗೆ ಹೋದೆ. ಸರದಿಯಲ್ಲಿ ಹತ್ತು ಡಬ್ಬಿ. ನನ್ನ ಮುಂದಿನವರದು ಗೋಧಿ. ಅವರ ಹಿಟ್ಟು ಬಿದ್ದು ಮುಗಿದ ಮೇಲೆ ಗಿರಣಿಯವರು ಬಟ್ಟೆಯ ಸೊಂಡಿಲನ್ನು ಎರಡು ಸಲ ಕೊಡವಿ, ಅದೇ ಕಲ್ಲಿಗೆ ನನ್ನ ಜೋಳ ಸುರಿದರು. ಸೊಂಡಿಲಿನಿಂದ ಮೊದಲು ಬಂದ ಹಿಟ್ಟಿನ ಬಣ್ಣವೇ ಬೇರೆ ಇತ್ತು. ತಿಳಿ ಕಂದು. ಆಮೇಲೆ ನಿಧಾನಕ್ಕೆ ಬಿಳಿಯಾಯಿತು. ಇಷ್ಟು ವರ್ಷ ಗಿರಣಿಯಲ್ಲಿ ನಿಂತಿದ್ದೇನೆ, ಒಮ್ಮೆಯೂ ಅದನ್ನು ನೋಡಿರಲಿಲ್ಲ. ಗ್ಲುಟೆನ್ ಇಲ್ಲ ಅಂತ ಪಾಕೀಟಿನ ಮೇಲೆ ಬರೆಯಬೇಕಾದರೆ ಒಂದು ಕಿಲೋದಲ್ಲಿ ಅದು 20 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ನಿಯಮ ಇದೆ. ನನ್ನ ಡಬ್ಬಿಯಲ್ಲಿ ಬಿದ್ದದ್ದು ಬೊಗಸೆ.

ಮೊದಲು ತವರಿನಿಂದ ಬೀಸುವ ಕಲ್ಲು ತರಿಸಿದೆ. ಎರಡು ವಾರ ಬೀಸಿದೆ. ಅಂಗೈಯಲ್ಲಿ ಬೊಬ್ಬೆ, ರೊಟ್ಟಿಯಲ್ಲಿ ನುಚ್ಚು. ಬೀಸುವಾಗ ಹಾಡಬೇಕು ಅಂತಾರೆ, ನನಗೆ ಉಸಿರೇ ಸಾಲುತ್ತಿರಲಿಲ್ಲ. ಕೊನೆಗೆ ಚೀಟಿ ಎತ್ತಿ ಸಣ್ಣದೊಂದು ಮನೆ ಗಿರಣಿ ತಂದೆವು. ಗಂಜ್ ಮಾರುಕಟ್ಟೆಯಲ್ಲಿ ಬಿಳಿ ಜೋಳ ತಂದು, ಮೊರದಲ್ಲಿ ಹರವಿ, ನಾನೂ ಮಗಳೂ ಗೋಧಿ ಕಾಳು ಆರಿಸುತ್ತೇವೆ. ಕಿಲೋಗೆ ಮೂರೋ ನಾಲ್ಕೋ ಸಿಗುತ್ತವೆ. ಮಗಳಿಗೆ ಅದೊಂದು ಆಟ, ಒಂದು ಕಾಳಿಗೆ ಒಂದು ರೂಪಾಯಿ. ಮನೆ ಗಿರಣಿಗೆ ಜೋಳ, ಸಜ್ಜೆ, ಅಕ್ಕಿ, ಕಡಲೆ ಬಿಟ್ಟು ಬೇರೆ ಏನೂ ಹಾಕುವಂತಿಲ್ಲ. ಪಕ್ಕದ ಮನೆಯವರು ಗೋಧಿ ತಂದು ಕೇಳಿದಾಗ ಇಲ್ಲ ಅನ್ನೋದು ಕಷ್ಟವಾಯಿತು. ಅಂದೆ.

ದೀಪಾವಳಿಗೆ ಜೇವರ್ಗಿ ಕಡೆಯ ಅತ್ತೆಯ ಮನೆಗೆ ಹೋದೆವು. ಅತ್ತೆ ಮೊದಲೇ ಹೇಳಿದ್ದರು, "ನಿನಗಂತ ಬ್ಯಾರೇನೇ ಚೂಡಾ ಮಾಡೀನಿ. ಅವಲಕ್ಕಿ, ಪುಟಾಣಿ, ಶೇಂಗಾ. ಒಂದು ಚಿಟಿಕಿ ಗೋಧಿ ಇಲ್ಲ." ಖುಷಿಯಿಂದ ಬಟ್ಟಲು ಬಟ್ಟಲು ತಿಂದೆ. ರಾತ್ರಿ ಮತ್ತೆ ಅದೇ ಕಥೆ. ಅತ್ತೆಗೆ ಅವಮಾನವಾಯಿತು. "ನಾ ಹಾಕೇ ಇಲ್ಲ, ಇದೆಂಥ ರೋಗವ್ವ, ನೆಳ್ಳಿಗೂ ಹೆದರ್ತದ" ಅಂದರು. ನನ್ನ ನೆಗೆಣ್ಣಿ ಅಡುಗೆ ಮನೆಯಲ್ಲಿ ಏನೋ ಹುಡುಕುತ್ತಿದ್ದಳು. ಇಂಗಿನ ಡಬ್ಬಿ ಹಿಡಿದು ಹೊರಗೆ ಬಂದಳು. ಹೆಬ್ಬೆರಳಿನಷ್ಟು ಡಬ್ಬಿ, ಅದರ ಮೇಲೆ ಇರುವೆ ಸಾಲಿನಂಥ ಅಕ್ಷರ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆವು: ಗೋಂದು, ಗೋಧಿ ಹಿಟ್ಟು, ಇಂಗು. ಅಪ್ಪಟ ಇಂಗು ಬಹಳ ಘಾಟು, ಅದಕ್ಕೇ ಹಿಟ್ಟು ಕೂಡಿಸಿ ಪುಡಿ ಮಾಡಿ ಮಾರುತ್ತಾರೆ. ಹೆಚ್ಚಿನವು ಗೋಧಿ ಅಥವಾ ಮೈದಾ, ಕೆಲವಕ್ಕೆ ಮಾತ್ರ ಅಕ್ಕಿ ಹಿಟ್ಟು.

ಅತ್ತೆ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಂದ್ರ ನಾ 40 ವರ್ಷ ಗೋಧಿ ಹಾಕಿ ಒಗ್ಗರಣಿ ಕೊಟ್ಟೀನಿ?" ಅಂದರು. ಅವರಿಗೆ ನನ್ನ ಹೊಟ್ಟೆಗಿಂತ ಆ ಮೋಸದ ಸಿಟ್ಟೇ ಜಾಸ್ತಿ ಆಗಿತ್ತು. ಆದರೆ ಆ ಸಿಟ್ಟು ನನ್ನ ಕೆಲಸಕ್ಕೆ ಬಂತು. ಅವತ್ತಿನಿಂದ ಅಂಗಡಿಯಿಂದ ಏನೇ ಬಂದರೂ ಮೊಮ್ಮಕ್ಕಳ ಕೈಲಿ ಓದಿಸುತ್ತಾರೆ.

ಇದು ಹೊಸ ರೋಗ, ಈಗಿನ ಕಾಲದ್ದು ಅನ್ನುವುದು ಅವರ ವಾದವಾಗಿತ್ತು. ನಾನು ಓದಿದ ಒಂದು ವಿಷಯ ಹೇಳಿದೆ. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನಲ್ಲಿ ಜನರಿಗೆ ತಿನ್ನಲು ಬ್ರೆಡ್ ಸಿಗಲಿಲ್ಲ. ಎಲ್ಲರೂ ಸೊರಗುತ್ತಿದ್ದರೆ ಈ ರೋಗದ ಮಕ್ಕಳು ಮಾತ್ರ ಸುಧಾರಿಸಿದರು. ಬ್ರೆಡ್ ಮತ್ತೆ ಬಂದಾಗ ಮತ್ತೆ ಹಾಸಿಗೆ ಹಿಡಿದರು. ವಿಲ್ಲೆಮ್ ಡಿಕೆ ಅನ್ನುವ ಮಕ್ಕಳ ಡಾಕ್ಟರಿಗೆ ಗೋಧಿಯ ಮೇಲೆ ಮೊದಲೇ ಇದ್ದ ಅನುಮಾನ ಇದರಿಂದ ಗಟ್ಟಿಯಾಯಿತು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "72ರ ಬರದಾಗ ನಾವೂ ಕೆಂಪು ಜ್ವಾಳ ತಿಂದೇ ಬದುಕೀವಿ" ಅಂದರು. ನನ್ನ ಮಾತಿಗೆ ಅದು ಉತ್ತರವೋ ಅಲ್ಲವೋ ಗೊತ್ತಿಲ್ಲ, ವಾದ ಮಾತ್ರ ಅಲ್ಲಿಗೆ ನಿಂತಿತು.

ಎಲ್ಲಕ್ಕಿಂತ ಕಷ್ಟ ಅಂದರೆ ಸೋಕುವುದನ್ನು ತಿಳಿಸುವುದು. ಹೋಳಿಗೆ ಬೇಯಿಸಿದ ಹಂಚಿನಲ್ಲಿ ನನ್ನ ರೊಟ್ಟಿ ಬೇಡ, ಪೂರಿ ಕರಿದ ಎಣ್ಣೆಯಲ್ಲಿ ನನ್ನ ಹಪ್ಪಳ ಬೇಡ, ಹುಗ್ಗಿಯ ಸೌಟು ನನ್ನ ಸಾರಿಗೆ ಬೇಡ. ಡಾಕ್ಟರ ಭಾಷೆಯಲ್ಲಿ ಹೇಳಿ ಹೇಳಿ ಸೋತೆ. ಒಂದು ದಿನ ಅತ್ತೆಯೇ ದಾರಿ ತೋರಿಸಿದರು. "ಅಂದ್ರ ಮಡಿ ಅನ್ನು. ನೈವೇದ್ಯ ಮಾಡೂಮುಂದ ನಾವು ಯಾರನ್ನೂ ಮುಟ್ಟಗೊಡಂಗಿಲ್ಲಲ್ಲ, ಹಂಗ. ಇದು ಗೋಧಿ ಮಡಿ." ಅಷ್ಟೇ. ಮರುದಿನದಿಂದ ನನಗೆ ಬೇರೆ ಹಂಚು, ಹಿಟ್ಟು ನಾದಲು ಬೇರೆ ಕೊಣಮಿಗಿ, ಬೇರೆ ಉಪ್ಪಿನ ಡಬ್ಬಿ. ಹಬ್ಬದ ದಿನ ಮೊದಲು ನನ್ನ ಅಡುಗೆ ಮುಗಿಸಿ ಮುಚ್ಚಿಟ್ಟು, ಆಮೇಲೆ ಗೋಧಿ ಹಿಟ್ಟಿನ ಡಬ್ಬಿ ಬಿಚ್ಚುತ್ತಾರೆ. ಮಡಿಯ ಮೇಲೆ ನನಗೆ ನನ್ನದೇ ತಕರಾರುಗಳಿವೆ. ಈ ಮಡಿಯ ಮೇಲೆ ಇಲ್ಲ.

2024ರ ಯುಗಾದಿಗೆ ಹೋಳಿಗೆ ತಿನ್ನಲೇಬೇಕು ಅಂತ ಹಟ ಹಿಡಿದೆ. ಬರೀ ಹೂರಣ ತಿನ್ನು ಅಂದರು ಎಲ್ಲರೂ. ಹೂರಣ ತಿನ್ನುವುದು ಹೋಳಿಗೆ ತಿಂದ ಹಾಗಲ್ಲ, ಅಲ್ವಾ? ಅಕ್ಕಿ ಹಿಟ್ಟಿನ ಕಣಕ ಮಾಡಿದೆ, ಒಡೆಯಿತು. ನೆಗೆಣ್ಣಿ ಬಂದು, "ರೊಟ್ಟಿಗೆ ಎಸರು ಹಾಕ್ತೀವಲ್ಲ, ಹಂಗ ಮಾಡಿ ನೋಡೂಣು" ಅಂದಳು. ಅರ್ಧ ಜೋಳ, ಅರ್ಧ ಅಕ್ಕಿ ಹಿಟ್ಟು. ಕುದಿಯುವ ಎಸರಿಗೆ ಒಂದು ಚಮಚ ತುಪ್ಪ ಬಿಟ್ಟು, ಹಿಟ್ಟು ಸುರಿದು, ಮುಚ್ಚಿಟ್ಟು, ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಿದೆವು. ಬಿಸಿ ನೀರಿಗೆ ಹಿಟ್ಟು ಅರ್ಧ ಬೆಂದು ತನ್ನದೇ ಒಂದು ಜಿಗಿ ಬಿಡುತ್ತದೆ. ಎಣ್ಣೆ ಸವರಿದ ಬಾಳೆ ಎಲೆಯ ಮೇಲೆ ಬೆರಳಿನಿಂದ ತಟ್ಟಿದೆವು, ಲಟ್ಟಣಿಗೆ ಮುಟ್ಟಲಿಲ್ಲ. ಮೊದಲನೆಯದು ಹಂಚಿನ ಮೇಲೆ ನಾಲ್ಕು ಹೋಳಾಯಿತು. ಎರಡನೆಯದರ ಬೆನ್ನು ಬಿರಿಯಿತು. ನಾಲ್ಕನೆಯದು ನಿಂತಿತು. ದಪ್ಪ, ಅಂಚು ಒರಟು, ಒಂದು ಕಡೆ ಹೂರಣ ಹೊರಗೆ ಬಂದು ಕರಕಾಗಿತ್ತು. ಆ ಕರಕಾದ ಬೆಲ್ಲದ ವಾಸನೆ ಮಾತ್ರ ನಾನು ಚಿಕ್ಕವಳಿದ್ದಾಗ ಮೂಗಿಗೆ ಬರುತ್ತಿದ್ದ ಅದೇ ವಾಸನೆ. ತುಪ್ಪ ಹಾಕಿಕೊಂಡು ಅಡುಗೆ ಮನೆಯಲ್ಲಿ ನಿಂತೇ ತಿಂದೆ.

ಆ ವರ್ಷ ಯುಗಾದಿಯಾದ ಎರಡೇ ದಿನಕ್ಕೆ ರಂಜಾನ್ ಬಂತು. ಎದುರು ಮನೆಯ ಆಪಾ ಪ್ರತಿ ವರ್ಷ ಶೀರ್ ಖುರ್ಮಾ ಕಳಿಸುತ್ತಾರೆ, ಅದರ ತುಂಬಾ ಶ್ಯಾವಿಗೆ. ಹಿಂದಿನ ವರ್ಷ ತನಕ ಅದಕ್ಕೆ ಕಾಯುತ್ತಿದ್ದವಳು ನಾನು. ಈ ಸಲ ದೊಡ್ಡ ಡಬ್ಬಿಯ ಜೊತೆ ಒಂದು ಸಣ್ಣ ಡಬ್ಬಿಯೂ ಬಂತು. ಒಳಗೆ ಅಕ್ಕಿ ಖೀರು, ಅದೇ ಖಾರೀಕು, ಅದೇ ಚಾರೋಳಿ. "ಇದರಾಗ ಗೆಹೂಂ ಬಿಲ್ಕುಲ್ ನೈ, ಚಮಚಾ ಭೀ ಬ್ಯಾರೇ" ಅಂದರು ಆಪಾ, ಎರಡೂ ಭಾಷೆ ಕೂಡಿಸಿ. ನಾನು ಅವರಿಗೆ ಏನೂ ಹೇಳಿರಲಿಲ್ಲ. ಮಗಳು ಹೇಳಿದ್ದಳಂತೆ.

ಮಗಳಿಗೂ ಪರೀಕ್ಷೆ ಮಾಡಿಸಿದ್ದೇವೆ, ಸದ್ಯಕ್ಕೆ ಏನೂ ಇಲ್ಲ. ರಕ್ತಸಂಬಂಧಿಗಳಿಗೆ ಬರುವ ಸಂಭವ ಜಾಸ್ತಿ ಅಂತ ಡಾಕ್ಟರು ಹೇಳಿದ್ದರು. ತಮ್ಮನಿಗೆ ಹತ್ತು ಸಲ ಹೇಳಿದೆ. "ನನಗೇನಾಗ್ಯದ ಅಕ್ಕಾ?" ಅಂತ ನಗುತ್ತಾನೆ. ಅವನಿಗೂ ಬಾಯಿ ಹುಣ್ಣು ಬರುತ್ತಿರುತ್ತದೆ. ನನ್ನ ಹಿಮೋಗ್ಲೋಬಿನ್ ಒಂದು ವರ್ಷದಲ್ಲಿ 11.9ಕ್ಕೆ ಬಂತು. ಬೋರ್ಡ್ ಹಿಡಿಯದೇ ನಿಲ್ಲುತ್ತೇನೆ.

ಕಳೆದ ಡಿಸೆಂಬರಿನಲ್ಲಿ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋದೆವು. ಕಟ್ಟಿ ಸಂಗಾವಿ ಹತ್ತಿರ ಭೀಮಾ ನದಿ ದಾಟುವಾಗಲೇ ನನಗೆ ಹಸಿವು ಶುರು. ಯಾಕೆಂದರೆ ನಮ್ಮ ಹಬ್ಬಗಳಲ್ಲಿ ಇದೊಂದೇ ನನ್ನ ಪಕ್ಷದ್ದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡುಬು, ಅಂಬಲಿ, ಭಜ್ಜಿ. ಭಜ್ಜಿ ಅಂದರೆ ಬೆಂಗಳೂರಿನವರ ಬಜ್ಜಿ ಅಲ್ಲ. ಎಳೆ ತೊಗರಿ ಕಾಳು, ಹಸಿ ಕಡಲೆ, ಬಟಾಣಿ, ಬದನೆಕಾಯಿ, ನಾಲ್ಕು ಥರದ ಸೊಪ್ಪು, ಹುಣಸೆ ಹುಳಿ, ಮೇಲೆ ಕಡಲೆ ಹಿಟ್ಟು ಹಾಕಿ ಗಟ್ಟಿಯಾಗಿ ಕುದಿಸಿದ್ದು. ಕಡಲೆ ಹಿಟ್ಟು ನಾನೇ ಮನೆ ಗಿರಣಿಯಲ್ಲಿ ಬೀಸಿ ಒಯ್ದಿದ್ದೆ.

ಹೊಲದಲ್ಲಿ ಜೋಳ ಎದೆಮಟ್ಟ ನಿಂತಿತ್ತು. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರು ಅಂತ ಪೂಜೆ ಮಾಡಿ, ಮಾವ ಮತ್ತು ಮೈದುನ ಚರಗ, ಅಂದರೆ ಹೊಲದ ನೈವೇದ್ಯ, ಚೆಲ್ಲುತ್ತಾ ಹೊಲ ಸುತ್ತಿ ಬಂದರು. ಶೇಂಗಾ ಹೋಳಿಗೆ ಬೇರೆ ಬುಟ್ಟಿಯಲ್ಲಿತ್ತು, ಬಂದವರಿಗೆಲ್ಲ ಅತ್ತೆ ಕೈಯಾರೆ ಕೊಡುತ್ತಿದ್ದರು. ನನ್ನ ಬುಟ್ಟಿಗೆ ಹಸಿರು ಅರಿವೆ ಕಟ್ಟಿದ್ದರು. ನೆಗೆಣ್ಣಿಯ ಮಗ ಅದಕ್ಕೆ ಕೈ ಹಾಕಿದ್ದಕ್ಕೆ ಬೈಸಿಕೊಂಡ.

ಪಕ್ಕದ ಹೊಲದವರು ಊಟಕ್ಕೆ ಕರೆದರು. ಅವತ್ತು ಕರೆದರೆ ಹೋಗಲೇಬೇಕು, ಇಲ್ಲ ಅನ್ನಬಾರದು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು. "ನಮ್ಮ ಸೊಸಿಗಿ ಗೋಧಿ ಮಡಿ ಅದ. ಸಜ್ಜಿ ರೊಟ್ಟಿ ನೀಡ್ರಿ. ಹಂಚು ಯಾವುದ್ರಿ? ಹೋಳಿಗಿ ಅದರಾಗೇ ಮಾಡೀರೇನು?" ಆ ಮನೆಯ ಯಜಮಾನತಿ ಪಾಪ, ಹೌದ್ರಿ ಅಂದರು. "ಹಂಗಾದ್ರ ಬ್ಯಾಡ" ಅಂದರು ಅತ್ತೆ. ನನಗೆ ನಾಚಿಕೆಯಾಗಿ ನೆಲ ನೋಡುತ್ತಾ ನಿಂತೆ. ಆ ಯಜಮಾನತಿ ಬೇಜಾರು ಮಾಡಿಕೊಳ್ಳಲಿಲ್ಲ, ಒಂದು ಲೋಟ ಮಜ್ಜಿಗೆ ಕೊಟ್ಟರು.

ಬರುವಾಗ ಅತ್ತೆ ಬದುವಿನ ಪಕ್ಕದ ಹಸಿ ಕಡಲೆ ಗಿಡ ನಾಲ್ಕು ಕಿತ್ತರು. ಕಾಯಿ ಸುಲಿದು ಸುಲಿದು ಉಡಿಯಲ್ಲಿ ಹಾಕಿಕೊಂಡು ಬಂದು ನನ್ನ ಮುಂದೆ ಹಿಡಿದರು. "ತಗೋ. ಇದಕ್ಕರೆ ಲೇಬಲ್ ಓದಂಗಿಲ್ಲಲ್ಲ?"

"ಕೈ ತೊಳಕೊಂಡೀರೇನ್ರಿ ಅತ್ತೀ?" ಅಂದೆ.

ಅತ್ತೆ ತಮ್ಮ ಕೈ ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಇನ್ನೂ ಹೋಳಿಗೆಯ ಹಿಟ್ಟು ಇತ್ತು. ಉಡಿಯಲ್ಲಿದ್ದ ಕಾಳನ್ನೆಲ್ಲ ಮೊಮ್ಮಗನ ಬೊಗಸೆಗೆ ಸುರಿದು, ಕೊಡದ ಕಡೆ ನಡೆದರು.